ಹಳೆಯ ಸರ್ವರಿನಲ್ಲಿ ಒಬ್ಬರು

ಹಳೆಯ ಸರ್ವರನ್ನು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ಹಾಗೇ ತಡೆದಳು. ಮನೆ ಖಾಲಿ ಮಾಡಿ ಮೂರು ವಾರವಾಗಿತ್ತು. ಆದರೂ ಒಳಗೆ ಯಾರೋ ಓಡಾಡುತ್ತಿದ್ದರು. ಬಂದುಹೋದವರ ಪಟ್ಟಿ ನೋಡಿದರೆ, ಇವತ್ತು ಬೆಳಿಗ್ಗೆ ಏಳಕ್ಕೆ ಬಂದಿದ್ದಾರೆ, ನಿನ್ನೆಯೂ ಏಳಕ್ಕೆ, ಮೊನ್ನೆಯೂ ಏಳಕ್ಕೆ.

ಅದು ಹೊಲಿಗೆ ಯಂತ್ರ ರಿಪೇರಿಯವರ ಚರ್ಚಾ ತಾಣ. ಯಾರ ಯಂತ್ರ ಕೈಕೊಟ್ಟರೂ ಅಲ್ಲಿ ಬಂದು ಗೋಳು ಹೇಳಿಕೊಳ್ಳುತ್ತಾರೆ, ಬಲ್ಲವರು ದಾರಿ ಹೇಳುತ್ತಾರೆ. ಅದನ್ನು ನೋಡಿಕೊಳ್ಳುವ ಇವಳನ್ನು ಎಂಬತ್ತು ದಾಟಿದವರೂ ಅಡ್ಮಿನಕ್ಕ ಎಂದೇ ಕರೆಯುವುದು. ತಾಣವಿಡೀ ಒಂದು ಕಂಟೇನರಿನೊಳಗೆ ಅಚ್ಚುಕಟ್ಟಾಗಿ ಕೂತಿತ್ತು. ಮುಚ್ಚಳ ಬಿಗಿದ ಡಬ್ಬಿಯ ಹಾಗೆ ಅದನ್ನೆತ್ತಿ ಹೊಸ ಸರ್ವರಿನಲ್ಲಿಟ್ಟು, ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ, ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಹಳೆಯದಕ್ಕೆ ಬೀಗ ಹಾಕುವುದನ್ನು ಮಾತ್ರ ಮರೆತಿದ್ದಳು. ಅದರ ಬಾಡಿಗೆಯ ಗಡುವು ಇವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಆಮೇಲೆ ಅದರಲ್ಲಿ ಏನೇ ಇದ್ದರೂ ಗೋವಿಂದ.

"ಅಮ್ಮಾ, ಸ್ವಲ್ಪ ಇಲ್ಲಿ ಬಾ. ಬಾಬಿನ್ ತಾತ ಇಲ್ಲಿದಾರೆ."

ಬಟ್ಟೆ ಕತ್ತರಿಸುತ್ತಿದ್ದ ಅಮ್ಮನ ಕೈ ಅರ್ಧಕ್ಕೆ ನಿಂತಿತು. ಅವಳು ದರ್ಜಿ, ಮಗಳು ಲ್ಯಾಪ್‌ಟಾಪ್ ಹರಡಿಕೊಂಡು ಕೂತಿದ್ದೂ ಅವಳ ಅಂಗಡಿಯ ಮೇಜಿನ ಇನ್ನೊಂದು ತುದಿಯಲ್ಲೇ. "ಯಾವ ಬಾಬಿನ್ ತಾತ? ಅವರು ತೀರಿಕೊಂಡ್ರಲ್ಲೇ!"

"ತೀರಿಕೊಂಡ್ರು ಅಂತ ಹೇಳಿದ್ದು ಯಾರು?"

"ಎಲ್ಲರೂ." ಅಮ್ಮ ಒಂದು ಕ್ಷಣ ಯೋಚಿಸಿದಳು. "ಮೊದಲು ನಾನೇ ಅನ್ಸುತ್ತೆ."

ಆದದ್ದು ಇಷ್ಟು. ಕೆಟ್ಟ ಯಂತ್ರಗಳಿಗೆ ಮದ್ದು ಹೇಳಲು ದಿನಾ ಬೆಳಿಗ್ಗೆ ಏಳಕ್ಕೆ ತಪ್ಪದೆ ತಾಣದಲ್ಲಿ ಹಾಜರಾಗುತ್ತಿದ್ದ ತಾತ ಹೊಸ ಜಾಗದಲ್ಲಿ ಕಾಣಲಿಲ್ಲ. ಒಬ್ಬರು ‘ಹುಷಾರಿಲ್ಲವೇನೋ’ ಎಂದರು, ಇನ್ನೊಬ್ಬರು ‘ವಯಸ್ಸೂ ಆಯ್ತಲ್ಲ’ ಎಂದರು, ಅಮ್ಮ ‘ಅವರ ಆತ್ಮಕ್ಕೆ ಶಾಂತಿ ಸಿಗಲಿ’ ಎಂದುಬಿಟ್ಟಳು. ಕಡ್ಡಿ ಗುಡ್ಡವಾಗಲು ಇನ್ನೇನು ಬೇಕು? ನಲವತ್ತೊಂದು ಜನ ತಾತ ಕಲಿಸಿದ್ದನ್ನೆಲ್ಲ ನೆನೆದು ಸಂತಾಪ ಬರೆದು, ಕಣ್ಣೊರೆಸಿಕೊಂಡು, ತಂತಮ್ಮ ಯಂತ್ರಕ್ಕೆ ಮರಳಿದ್ದರು. ಅಡ್ಮಿನಕ್ಕನೂ ಅದನ್ನು ಎಲ್ಲರಿಗೂ ಕಾಣಲಿ ಎಂದು ಪುಟದ ನೆತ್ತಿಗೇ ಅಂಟಿಸಿದ್ದಳು.

ಇತ್ತ ಹಳೆಯ ತಾಣದಲ್ಲಿ ತಾತ ಒಬ್ಬರೇ ಬರೆಯುತ್ತ ಕೂತಿದ್ದರು. ಮೊದಲ ದಿನ: ‘ಶುಭೋದಯ. ಇವತ್ತು ಯಾರ ಯಂತ್ರ ಹಟ ಹಿಡಿದಿದೆ?’ ನಾಲ್ಕನೆಯ ದಿನ: ‘ಯಾಕೆ, ಎಲ್ಲರೂ ಮುನಿಸಿಕೊಂಡ್ರಾ?’ ಎಂಟನೆಯ ದಿನ: ‘ಯಂತ್ರದ ಬೆಲ್ಟಿನ ವಿಷಯಕ್ಕೆ ಗದರಿದ್ದು ತಪ್ಪಾಯ್ತು. ಮನಸ್ಸಿಗೆ ಹಚ್ಕೋಬೇಡಿ.’ ಆಮೇಲೆ ತಾವೇ ಪ್ರಶ್ನೆ ಕೇಳಿ ತಾವೇ ಉತ್ತರ ಬರೆಯತೊಡಗಿದ್ದರು. ಇವತ್ತಿನದು: ‘ಯಾರೂ ಬರದಿದ್ರೂ ನಾನು ಬರ್ತೀನಿ. ಹೊಸಬರು ಯಾರಾದ್ರೂ ಬಂದ್ರೆ ಜಾಗ ಬಿಕೋ ಅನ್ನಬಾರದಲ್ಲ.’ ಅಡ್ಮಿನಕ್ಕ ಮೊದಲಿನಿಂದ ಇನ್ನೊಮ್ಮೆ ಓದಿದಳು. ಅವರನ್ನೊಬ್ಬರನ್ನು ಬಿಟ್ಟು ಊರಿಗೆ ಊರೇ ಎದ್ದುಬಂದಿತ್ತು, ಕರೆತಂದವಳು ತಾನೇ.

ಆ ಮೂರು ವಾರದ ಬರಹವನ್ನೆಲ್ಲ ಮೊದಲು ಹೊಸ ಸರ್ವರಿಗೆ ಸಾಗಿಸಿದಳು. ಆಮೇಲೆ ಹಳೆಯ ಡೈರಿಯಲ್ಲಿ ನಂಬರು ಹುಡುಕಿ ಫೋನ್ ಮಾಡಿದಳು.

"ತಾತಾ, ನಾನು ಅಡ್ಮಿನಕ್ಕ."

"ಅಬ್ಬಾ, ನೀನಾದ್ರೂ ಇದೀಯಲ್ಲಮ್ಮ! ಮಿಕ್ಕಿದವರು?"

"ಎಲ್ಲರೂ ಚೆನ್ನಾಗಿದಾರೆ. ತಾಣ ಬೇರೆ ಸರ್ವರಿಗೆ ಹೋಗಿದೆ ಅಷ್ಟೇ. ನಾಲ್ಕು ವರ್ಷದ ಹಿಂದೆ ಇದೇ ಥರ ಸಾಗಿಸಿದಾಗ, ನಿಮಗೆ ಬೇಗ ಸಿಗಲಿ ಅಂತ ನಿಮ್ಮ ಕಂಪ್ಯೂಟರಲ್ಲಿ ಒಂದು ವಿಳಾಸ ಬರೆಸಿದ್ದೆ. ಅದು ನಿಮ್ಮನ್ನ ಹಳೇ ಜಾಗಕ್ಕೇ ಕರ್ಕೊಂಡು ಹೋಗ್ತಿದೆ. ಆ ಸಾಲು ಅಳಿಸಿಬಿಡಿ."

"ಅಳಿಸೋದಾ? ‘ಅಡ್ಮಿನಕ್ಕ ಹೇಳೋವರೆಗೂ ಮುಟ್ಟಬಾರದು’ ಅಂತ ಚೀಟಿ ಬರೆದು ಅಂಟಿಸ್ಕೊಂಡಿದೀನಲ್ಲಮ್ಮ!"

"ಈಗ ಹೇಳ್ತಿದೀನಿ ತಾತ. ತಪ್ಪು ನಂದೇ."

ಒಂದು ಸಾಲು ಅಳಿಸಲು ಹತ್ತು ನಿಮಿಷ ಹಿಡಿಯಿತು. ಗಂಟೆ ನಾಲ್ಕೂ ಮುಕ್ಕಾಲು. "ಬಂತು, ಬಂತು!" ಎಂದು ತಾತ ಕೂಗಿದ್ದೇ ತಡ, ಅಮ್ಮ ಮಗಳ ರಟ್ಟೆ ಹಿಡಿದಳು. "ಅಯ್ಯೋ, ಆ ಸಂತಾಪ ಮೊದಲು ತೆಗಿಯೇ! ಮೇಲೇ ಇದೆ!"

ತಡವಾಗಿತ್ತು. ತಾತ ಒಂದೊಂದನ್ನೇ ಗುನುಗುತ್ತ ಓದುವುದು ಫೋನಿನಲ್ಲಿ ಕೇಳಿತು. "ನಲವತ್ತೊಂದು ಜನ," ಎಂದರು ತಾತ ಕೊನೆಗೆ. "ಇಷ್ಟೆಲ್ಲ ಒಳ್ಳೇದು ಇವರು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ ನೋಡು." ಫೋನ್ ಕಟ್ಟಾಯಿತು.

"ಇನ್ನು ಯಾವ ಮುಖ ಹೊತ್ತು ನಾನು ಅಲ್ಲಿಗೆ ಹೋಗ್ಲಿ?" ಎಂದು ಅಮ್ಮ ಅರ್ಧ ಕತ್ತರಿಸಿದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

ಐದಕ್ಕೆ ಎರಡು ನಿಮಿಷವಿದ್ದಾಗ ಅಡ್ಮಿನಕ್ಕ ಗುಂಡಿ ಒತ್ತಿದಳು. ಹಳೆಯ ಮನೆ ಹೋಯಿತು. ಹೊಸ ಮನೆಯಲ್ಲಿ, ಸಂತಾಪಗಳ ಕೆಳಗೆ, ನಲವತ್ತೆರಡನೆಯದು ಆಗಲೇ ಬಂದು ಕೂತಿತ್ತು:

‘ಹದಿನೇಳನೆಯವರು ಬರೆದಿದ್ದು ತಪ್ಪು. ಬಟ್ಟೆಯ ಕೆಳಗೆ ದಾರ ಗಂಟಾದರೆ ಕೆಳಗಿನ ದಾರದ ಬಾಬಿನ್ ಬಿಚ್ಚಿ ಅಂತ ನಾನು ಯಾವತ್ತೂ ಹೇಳಿಲ್ಲ. ಮೇಲಿನ ದಾರ ಸರಿಯಾಗಿ ಪೋಣಿಸಿದೀರಾ ನೋಡಿ. ಉಳಿದದ್ದೆಲ್ಲ ಸರಿಯಾಗಿದೆ. ಅಳಿಸಬೇಡಿ, ಮುಂದೆ ಬೇಕಾಗುತ್ತೆ.’