ಹೂತುಕೊಂಡ ಜೀಪು

ಯತೀಶ್ ಜೀಪನ್ನು ಸ್ಟಾರ್ಟ್ ಮಾಡಲಿಲ್ಲ. ನ್ಯೂಟ್ರಲ್‌ಗೆ ಹಾಕಿ, ಹೆಗಲು ಕೊಟ್ಟು, ಅಂಗಳದಿಂದ ರಸ್ತೆಯವರೆಗೆ ತಳ್ಳಿದ. ಒಳಗೆ ಅವ್ವ ಭದ್ರಮ್ಮನ ಗೊರಕೆ ಕೇಳುತ್ತಿತ್ತು. ಎಂದೂ ಇಲ್ಲದಷ್ಟು ಜೋರಾಗಿ.

ಅಂದು ಭಾನುವಾರ. ಕೆ.ಆರ್. ನಗರದ ಕಡೆ ಹೆಣ್ಣು ನೋಡಲು ಹೋಗಬೇಕಿತ್ತು. ಹುಡುಗಿಯ ಹೆಸರನ್ನೂ ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಅವ್ವ ಫೋನಿನಲ್ಲಿ ಫೋಟೋ ತೋರಿಸಲು ಬಂದರೆ ಕಣ್ಣು ಮುಚ್ಚಿಕೊಂಡಿದ್ದ. ಹಿಂದೆ ಒಮ್ಮೆ ಹೊಟ್ಟೆನೋವು ಎಂದಿದ್ದ, ಇನ್ನೊಮ್ಮೆ ಹೊಗೆಸೊಪ್ಪು ಬೇಯಿಸಲು ಸೌದೆ ತರಬೇಕು ಎಂದಿದ್ದ. ಬೆಟ್ಟದಪುರದಲ್ಲಿ ಅವನಷ್ಟು ನಾಜೂಕಾಗಿ ತಪ್ಪಿಸಿಕೊಳ್ಳುವವರು ಇನ್ನೊಬ್ಬರಿರಲಿಲ್ಲ.

ಹುಣಸೂರಿನಲ್ಲಿ ಸೌಂದರ್ಯ ತನ್ನ ಜೀಪಿನೊಂದಿಗೆ ಕಾಯುತ್ತಿದ್ದಳು. ಅಲ್ಲಿಯ ದನದ ಡಾಕ್ಟರು. ಕಲ್ಲುಮುಳ್ಳಿನ ಹಾದಿಯಲ್ಲಿ ಜೀಪು ಓಡಿಸುವ ಗೆಳೆಯರ ಗುಂಪಿನಲ್ಲಿ ಎಲ್ಲರ ಗಾಡಿ ತಪಾಸಣೆ ಮಾಡುವವಳೂ ಅವಳೇ. ಗುಂಪು ಹೋಗಬೇಕಿದ್ದ ಹೊಸ ಹಾದಿಯನ್ನು ಮೊದಲು ನಾವಿಬ್ಬರೇ ನೋಡಿ ಬರೋಣ ಎಂದು ಕರೆದಿದ್ದಳು. ಯತೀಶ್ ಎರಡನೇ ಮಾತಾಡಿರಲಿಲ್ಲ. ಅವಳಿಗೆ ಹೇಳಬೇಕಾದ ಒಂದು ಮಾತು ಬಹಳ ದಿನದಿಂದ ಅವನ ಗಂಟಲಲ್ಲೇ ಕೂತಿತ್ತು.

ಅವಳು ಜಾಕ್ ನೋಡಿದಳು, ಸ್ಟೆಪ್ನಿ ಒತ್ತಿ ನೋಡಿದಳು, ನೀರಿನ ಕ್ಯಾನು ಎತ್ತಿ ನೋಡಿದಳು. ಎಳೆಯುವ ಹಗ್ಗವನ್ನು ಮಾತ್ರ ತನ್ನ ಜೀಪಿಗೆ ಹಾಕಿಕೊಂಡಳು.

"ಎಳೆಯೋಳು ನಾನು ತಾನೆ? ಇಲ್ಲೇ ಇರ್ಲಿ. ಎಲ್ಲಿಗೆ ಹೋಗ್ತಿದೀವಿ ಅಂತ ಮನೇಲಿ ಹೇಳಿದೀರಾ?"

"ಹೂಂ," ಎಂದು ಸುಳ್ಳು ಹೇಳಿದ.

"ಒಳ್ಳೇದು. ಒಬ್ರಿಗಾದ್ರೂ ಗೊತ್ತಿರ್ಬೇಕು. ನಾನಂತೂ ಎಲ್ರಿಗೂ ಹೇಳಿದೀನಿ."

ಎಚ್.ಡಿ. ಕೋಟೆ ದಾಟಿ ಹಿನ್ನೀರಿನ ಬಯಲಿಗೆ ಇಳಿದಾಗ ಫೋನಿನ ಸಿಗ್ನಲ್ ಸತ್ತಿತು. ನೀರು ಹಿಂದೆ ಸರಿದಿತ್ತು. ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು. ಒಳಗೆ ಏನಿದೆಯೋ ಹೇಳಲಾಗದು. ಸೌಂದರ್ಯ ತನ್ನ ಜೀಪನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ, ಇಳಿದು ಮುಂದೆ ನಡೆದು, ಕೋಲು ಊರಿ ನೋಡಿ, ಬನ್ನಿ ಎಂದು ಕೈ ಬೀಸಿದಳು.

ಯತೀಶ್ ಬಂದ. ನಾಲ್ಕು ಚಕ್ರವೂ ಅಚ್ಚಿನವರೆಗೆ ಹೂತವು.

"ಎಳೀರಿ," ಎಂದ.

"ಆತುರ ಏನು?" ಅವಳು ತನ್ನ ಜೀಪಿನ ಬಾನೆಟ್ ಮೇಲೆ ಕೂತು ಬುತ್ತಿ ಬಿಚ್ಚಿದಳು. "ಮನೇಲಿ ಏನಾದ್ರೂ ಕೆಲ್ಸ ಇತ್ತಾ?"

ಕೆಸರಿನ ನಡುವೆ ಸುಳ್ಳು ಹೊಳೆಯಲಿಲ್ಲ. "ಹೆಣ್ಣು ನೋಡೋಕೆ ಹೋಗ್ಬೇಕಿತ್ತು. ತಪ್ಪಿಸ್ಕೊಂಡು ಬಂದೆ."

"ಹುಡುಗಿ ಚೆನ್ನಾಗಿಲ್ವಾ?"

"ನೋಡೇ ಇಲ್ಲ."

"ನೋಡ್ದೇನೇ ಬೇಡ ಅಂದ್ರಾ? ಪಾಪ, ಅವಳಿಗೆ ಎಷ್ಟು ಕೋಪ ಬಂದಿರ್ಬೇಡ." ಅವಳು ರೊಟ್ಟಿ ಮುರಿದಳು. "ಯಾಕೆ ಬೇಡ?"

ಓಡಿಹೋಗಲು ಜಾಗವಿರಲಿಲ್ಲ. ಯತೀಶ್ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನನ್ ಮನಸಲ್ಲಿ ಇರೋದು ನೀವು. ಹೇಳೋಕೆ ಧೈರ್ಯ ಬಂದಿರ್ಲಿಲ್ಲ."

ಸೌಂದರ್ಯ ತಿನ್ನುವುದನ್ನು ನಿಲ್ಲಿಸಿದಳು. ಅವಳ ಮುಖ ಕೆಂಪಾದದ್ದು ಬಿಸಿಲಿಗಲ್ಲ ಎಂದು ಅವನಿಗೂ ತಿಳಿಯಿತು.

ಅಷ್ಟರಲ್ಲಿ ದಿಣ್ಣೆಯ ಮೇಲೆ ಟ್ರ್ಯಾಕ್ಟರ್ ಸದ್ದು. ಹಿಂದಿನ ಟ್ರೈಲರಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರ ಮೇಲೆ ಬಿಳಿ ಪಂಚೆಯ ಅಪರಿಚಿತ ಹಿರಿಯರು. ಇನ್ನೊಂದರ ಮೇಲೆ, ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಎಲೆ ಅಡಿಕೆಯ ತಟ್ಟೆ ಹಿಡಿದ ಭದ್ರಮ್ಮ.

ಯತೀಶ್ ಬಾಗಿಲಿಗೆ ಕೈ ಹಾಕಿದ.

"ಅಪ್ಪಾ, ಅಲ್ಲೇ ನಿಲ್ಸಿ, ಮುಂದೆ ಕೆಸರು!" ಎಂದು ಸೌಂದರ್ಯ ಬಿಳಿ ಪಂಚೆಯವರಿಗೆ ಕೂಗಿ ಹೇಳಿದಳು.

"ಇಳಿಬ್ಯಾಡ ಕಣ್ಲಾ, ಅಲ್ಲೇ ಕೂತ್ಕೊ," ಎಂದ ಭದ್ರಮ್ಮ ಪಕ್ಕದವರ ಕಡೆ ತಿರುಗಿದಳು. "ನೋಡ್ಕಳಿ ಬೀಗ್ರೇ, ನಿಮ್ ಮಗಳು ಮಾತು ಕೊಟ್ಟಂಗೇ ಹಿಡ್ದು ಕೂರ್ಸವ್ಳೆ. ಈ ಸಲ ಹೆಣ್ಣು ನೋಡೋ ಶಾಸ್ತ್ರದಿಂದ ನನ್ ಮಗ ಎಲ್ಲೂ ಓಡೋಗಿಲ್ಲ!"