ಬೆಳಕಿನ ಪಕ್ಕದ ಮೇಜು

ರಸ್ತೆಯ ಆಚೆ ಬದಿಯಲ್ಲಿ ಅಕ್ಕ ನಿಂತಿರುವುದು ಹೊಲಿಗೆಯವಳ ಕಣ್ಣಿಗೆ ಬೀಳುವಷ್ಟರಲ್ಲಿ, ಹೇಳಬಾರದ್ದನ್ನೆಲ್ಲ ಹೇಳಿ ಮುಗಿಸಿಯಾಗಿತ್ತು. ಬಾಯಲ್ಲಲ್ಲ, ಕೈಯಲ್ಲಿ. ಹುಟ್ಟಿನಿಂದ ಕಿವಿ ಕೇಳದ ಅವಳಿಗೆ ಮಾತೆಲ್ಲ ಕೈಯಲ್ಲೇ.

ಹೆಣ್ಣಿಗೇ ಮನಸ್ಸು ಕೊಟ್ಟ, ಜೊತೆಗೆ ಕಾಲೋ ಕಣ್ಣೋ ಕಿವಿಯೋ ಕೈಕೊಟ್ಟ ಆರು ಹೆಂಗಸರು ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಈ ಕೋಣೆಯಲ್ಲಿ ಸೇರುತ್ತಿದ್ದರು. ಟೀಚರಮ್ಮನ ಗಾಲಿಕುರ್ಚಿ ಮೆಟ್ಟಿಲು ಹತ್ತದು, ಹಾಗಾಗಿ ನೆಲಮಹಡಿಯೇ ಆಗಬೇಕು. ಹೊಲಿಗೆಯವಳಿಗೆ ಎದುರಿನವರ ಕೈ ಚೆನ್ನಾಗಿ ಕಾಣಬೇಕು, ಹಾಗಾಗಿ ಬೆಳಕಿರಬೇಕು. ಎಲ್ಲರ ಅನುಕೂಲ ನೋಡಿ ನೋಡಿ, ಕೊನೆಗೆ ಇಡೀ ಬೀದಿಗೆ ಕಾಣುವ ಗಾಜಿನ ಕಿಟಕಿಯ ಪಕ್ಕ ಬಂದು ಕೂತಿದ್ದರು, ಬುದ್ಧಿವಂತೆಯರು! ಹೋಗಿಬರುವವರಿಗೆ ಕೈಭಾಷೆ ಎಲ್ಲಿ ತಿಳಿಯುತ್ತದೆ ಎಂಬ ಧೈರ್ಯ.

ಅಕ್ಕನಿಗೆ ತಿಳಿಯುತ್ತಿತ್ತು. ಅಮ್ಮನೂ ಅವಳೂ ಇವಳಿಗಾಗಿಯೇ ಒಟ್ಟಿಗೆ ಕೂತು ಕಲಿತವರು.

"ಯಾಕೆ ನಿಲ್ಲಿಸ್ದೆ? ಮುತ್ತು ಕೊಟ್ಟೆ, ಆಮೇಲೆ ಪ್ರೆಸ್ಸಿನವಳು ಏನಂದ್ಲು?" ಟೀಚರಮ್ಮ ತಪ್ಪುತಪ್ಪಾಗಿ ಕೈಯಾಡಿಸಿ ಕೇಳಿದರು.

"ಹೊರಗೆ ನಮ್ಮಕ್ಕ."

"ಎಷ್ಟೊತ್ತಿಂದ?"

"ಗೊತ್ತಿಲ್ಲ."

ಮುತ್ತಿನ ಮಾತನ್ನು ಹೊಲಿಗೆಯವಳು ಸುಮ್ಮನೆ ಹೇಳಿರಲಿಲ್ಲ, ಎರಡೂ ಕೈ ಎತ್ತಿ, ಕುರ್ಚಿಯಿಂದ ಅರ್ಧ ಎದ್ದು, ಎಲ್ಲರನ್ನೂ ನಗಿಸಿ ಹೇಳಿದ್ದಳು. ಮುಂದಿನ ತಿಂಗಳು ನಾನೂ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವ ನನ್ನವಳೂ ಒಟ್ಟಿಗೆ ಮನೆ ಮಾಡುತ್ತೇವೆ ಎಂದೂ ಸೇರಿಸಿದ್ದಳು. ಮನೆಯಲ್ಲಿ ಮಾತ್ರ ಭಾನುವಾರ ಕಸೂತಿ ಕ್ಲಾಸು ಎಂದು ಹೇಳಿ ಬರುತ್ತಿದ್ದಳು. ಅಕ್ಕನೋ, ಚಿಕ್ಕಂದಿನಿಂದಲೂ ತಂಗಿಯ ಒಂದೊಂದು ತಪ್ಪನ್ನೂ ಅಮ್ಮನಿಗೆ ಬಿಸಿಬಿಸಿಯಾಗಿ ಮುಟ್ಟಿಸಿದವಳು. ಇವತ್ತು ಮುಟ್ಟಿಸಿದರೆ ಈ ಕೋಣೆಯೂ ಇಲ್ಲ, ಪ್ರೆಸ್ಸಿನವಳೂ ಇಲ್ಲ.

"ನಾನು ಹೋಗಿ ಏನಾದ್ರೂ ಹೇಳ್ಲಾ?" ಎಂದರು ಟೀಚರಮ್ಮ.

"ಏನಂತ ಹೇಳ್ತೀರಾ? ಎಲ್ಲಾ ನೋಡ್ಬಿಟ್ಟಿದ್ದಾಳೆ."

ಅಕ್ಕ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ಮತ್ತೆ ಕಿಟಕಿಯತ್ತ ತಿರುಗಿದಾಗ ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ. ಅಕ್ಕನ ಮುಖ ಓದಲಾಗದೆ ಹೊಲಿಗೆಯವಳು ಹೆದರಿದ್ದು ಇದೇ ಮೊದಲು. ಎದ್ದು ಓಡಿಬಿಡೋಣವೆನಿಸಿತು.

ಅಕ್ಕ ಗಡಿಬಿಡಿಯಿಂದ ಎರಡೂ ಕೈಚೀಲಗಳನ್ನು ನೆಲಕ್ಕಿಟ್ಟಳು. ಖಾಲಿಯಾದ ಕೈಗಳನ್ನು ಎದೆಗೆ ಹತ್ತಿರ ಹಿಡಿದು, ಚಿಕ್ಕದಾಗಿ ಆಡಿಸಿದಳು:

"ಮೆಲ್ಲಗೆ ಮಾತಾಡೇ. ಅಮ್ಮ ಹಿಂದೇನೇ ಬರ್ತಿದ್ದಾಳೆ."