ಡಿಕ್ಕಿಯಲ್ಲೊಂದು ಪರೀಕ್ಷೆ

ಕುಮಾರ ಕಾಫಿ ಲೋಟ ಕೆಳಗಿಡುವ ಮೊದಲೇ ಗಂಗಾಧರಪ್ಪ ಅಂಗಳದಲ್ಲಿದ್ದ ಕೆಂಪು ಕಾರಿನ ಡಿಕ್ಕಿ ಎತ್ತಿ ನಿಲ್ಲಿಸಿದರು.

“ಕೆಲ್ಸ ನೋಡ್ದಂಗಾಗ್ಲಿ. ಶುರು ಮಾಡಿ.”

ಕುಮಾರ ಬಗ್ಗಿ ನೋಡಿದ. ಡಿಕ್ಕಿಯೊಳಗೆ ಹೊಸ ಸಬ್‌ವೂಫರ್ ಸ್ಪೀಕರ್ ರಟ್ಟಿನ ಪೆಟ್ಟಿಗೆ ಸಮೇತ ಕೂತಿತ್ತು. ಪಕ್ಕದಲ್ಲಿ ಒಣಗಿದರೆ ಕಲ್ಲಾಗುವ ರೆಸಿನ್ ಅಂಟಿನ ಡಬ್ಬ, ಫೈಬರ್ ಮ್ಯಾಟಿನ ಸುರುಳಿ, ಬ್ರಷ್ಷು, ಕೈಗವಸು. ಡಿಕ್ಕಿಯ ಮೂಲೆಗೆ ಅಂಟಿದಂತೆ ಕೂರುವ ಫೈಬರ್ ಬಾಕ್ಸ್ ಮಾಡಿ, ಅದರಲ್ಲಿ ಸ್ಪೀಕರ್ ಇಡಬೇಕಂತೆ. ಹುಣಸೂರಿನಲ್ಲಿ ಕಾರ್ ಸೌಂಡ್ ಅಂಗಡಿ ನಡೆಸುವ ಅವನಿಗೆ ಅದೇನೂ ಹೊಸದಲ್ಲ. ಆದರೆ ಇವತ್ತು ಅವನು ಮಿರ್ಲೆಗೆ ಬಂದಿದ್ದು ಹೆಣ್ಣು ನೋಡಲು.

ಸೋದರಮಾವ ಜವರಯ್ಯ ಮೊದಲೇ ಎಚ್ಚರಿಸಿದ್ದ. ಹುಡುಗಿಯ ಅಪ್ಪ ಗಂಗಾಧರಪ್ಪ ಒಂಥರಾ ಮನುಷ್ಯ. ಆಸ್ತಿ, ಜಾತಕ ಏನೂ ಕೇಳುವುದಿಲ್ಲ. ಹುಡುಗ ಮೈ ಬಗ್ಗಿಸಿ ದುಡಿಯುತ್ತಾನೋ ಇಲ್ಲವೋ, ಅಷ್ಟೇ ನೋಡುತ್ತಾರೆ. ಮೊದಲು ಒಬ್ಬನೇ ಹೋಗು, ಫೋನ್ ಆಫ್ ಮಾಡಿಟ್ಟುಕೋ, ಏನು ಹೇಳಿದರೂ ಎದುರಾಡಬೇಡ. ಹುಡುಗಿ ಪದ್ಮಶ್ರೀ ಬಲು ಮೆತ್ತಗೆ, ಹತ್ತು ಸಲ ಕೇಳಿದರೆ ಒಂದು ಮಾತು.

ಮಿರ್ಲೆ ಸಣ್ಣ ಊರಲ್ಲ. ಗಂಗಾಧರಪ್ಪನವರ ಮನೆ ಯಾವುದೆಂದು ಟೀ ಅಂಗಡಿಯಲ್ಲಿ ಕೇಳಿದ್ದ. ಅಂಗಡಿಯವನು ಕುಮಾರನ ಕಾರಿನ ಹಿಂಗಾಜಿನ ಮೇಲಿದ್ದ ‘ಕುಮಾರ್ ಕಾರ್ ಸೌಂಡ್ಸ್’ ಓದಿ, ತಲೆಯಾಡಿಸಿ, ದಾರಿ ತೋರಿಸಿದ್ದ. ಗೇಟಿನಲ್ಲೇ ನಿಂತಿದ್ದ ಗಂಗಾಧರಪ್ಪ, ನಿಮಗೇ ಕಾಯುತ್ತಿದ್ದೆ ಬನ್ನಿ ಎಂದು ಕರೆದೊಯ್ದಿದ್ದರು. ಅವನು ಕೊಟ್ಟ ಸೇಬು, ಹೂವಿನ ಚೀಲವನ್ನು ಮಾತ್ರ ತುಸು ಹೊತ್ತು ಹಿಡಿದುಕೊಂಡೇ ನಿಂತಿದ್ದರು.

ಪರೀಕ್ಷೆಯೆಂದರೆ ಪರೀಕ್ಷೆ. ಕುಮಾರ ಹೊಸ ಬಿಳಿ ಅಂಗಿಯ ತೋಳು ಮಡಚಿದ. ಡಿಕ್ಕಿಯ ಮೂಲೆಗೆಲ್ಲ ಟೇಪು ಮೆತ್ತಿದ. ರೆಸಿನ್ ಕಲೆಸಿದ. ಘಾಟು ವಾಸನೆಗೆ ಹಿತ್ತಲಿನ ಕೋಳಿಗಳು ದೂರ ಸರಿದವು.

“ಆ ಅಂಗಿ ಹಾಳಾಯ್ತದೆ. ಇದ ಹಾಕ್ಕೊಳಿ.”

ಅಪ್ಪನ ಹಳೇ ಅಂಗಿ ಹಿಡಿದು ಹುಡುಗಿಯೊಬ್ಬಳು ಬಂದಿದ್ದಳು. ಕುಮಾರ ನೋಡಿದ. ಕಲೆಸಿದ ರೆಸಿನ್ ಡಬ್ಬದಲ್ಲೇ ಅರ್ಧ ಗಟ್ಟಿಯಾಯಿತು.

ಅವಳು ಮೆತ್ತಗೂ ಇರಲಿಲ್ಲ, ಸುಮ್ಮನೂ ಇರಲಿಲ್ಲ. ತಾನೂ ಕೈಗವಸು ತೊಟ್ಟು ಮ್ಯಾಟಿನ ತುದಿ ಹಿಡಿದಳು. ಸಾಲಿಗ್ರಾಮದ ಕಡೆ ಶಾಲೆಗಳಲ್ಲಿ ಮಕ್ಕಳಿಗೆ ಡ್ಯಾನ್ಸ್ ಕಲಿಸುತ್ತಾಳಂತೆ. ಡಿಕ್ಕಿ ತೆರೆದರೆ ಮೈದಾನದ ಆ ತುದಿಗೂ ದುಂ ಅನ್ನಬೇಕಂತೆ. ಒಂದು ಪದರ ಮ್ಯಾಟು, ಒಂದು ಪದರ ರೆಸಿನ್, ನಡುವೆ ಅವಳ ನೂರು ಪ್ರಶ್ನೆ. ಮೂಲೆ ಒತ್ತುವಾಗ ಇಬ್ಬರ ಕೈಗವಸೂ ಒಂದಕ್ಕೊಂದು ಅಂಟಿಕೊಂಡವು. ಬಿಡಿಸಿಕೊಳ್ಳಲು ಇಬ್ಬರೂ ಅವಸರ ಮಾಡಲಿಲ್ಲ. ಮಾವ ಹೇಳಿದ ಸುಳ್ಳಿಗೆ ಕುಮಾರ ಮನಸ್ಸಿನಲ್ಲೇ ಕೈಮುಗಿದ.

ನೆರಳಿಗೆ ಕುರ್ಚಿ ಎಳೆದುಕೊಂಡ ಗಂಗಾಧರಪ್ಪ ಕಣ್ಣು ಕೀಳಲಿಲ್ಲ. ಇದಕ್ಕೆ ಮೊದಲು ಇಬ್ಬರು ಬಂದು ನೋಡಿಕೊಂಡು ಹೋದರು, ತಿರುಗಿ ಬರಲೇ ಇಲ್ಲ ಎಂದರು. ಇಂಥವಳನ್ನು ನೋಡಿಯೂ ತಿರುಗಿ ಬಾರದವರ ಬುದ್ಧಿಗೆ ಕುಮಾರ ಮರುಗಿದ.

“ಏನು ಕೊಡ್ಬೇಕು ಅಂತ ಈಗ್ಲೇ ಯೋಳ್ಬುಡಿ. ಆಮೇಲೆ ಮಾತು ಬರಬಾರ್ದು.”

ಕುಮಾರ ಬ್ರಷ್ಷು ಕೆಳಗಿಟ್ಟು ನೆಟ್ಟಗೆ ನಿಂತ. “ನಂಗೇನೂ ಬೇಡ ಸಾರ್. ನಮ್ಮನೇಲಿ ತಗೊಳೋ ಪದ್ಧತಿನೇ ಇಲ್ಲ.”

ಗಂಗಾಧರಪ್ಪ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, ಮುಂದೆ ಏನಾದರೂ ಹೆಚ್ಚುಕಮ್ಮಿಯಾದರೆ ನೀವೇ ನೋಡಿಕೊಳ್ಳುತ್ತೀರಾ ಎಂದು ಮೆಲ್ಲಗೆ ಕೇಳಿದರು. ಉಸಿರಿರುವ ತನಕ ನೋಡಿಕೊಳ್ಳುತ್ತೇನೆ, ಒಂದು ಗೀರೂ ಬೀಳಲು ಬಿಡುವುದಿಲ್ಲ ಎಂದು ಕುಮಾರ ಮಾತು ಕೊಟ್ಟ. ಗಂಗಾಧರಪ್ಪ ಎದ್ದು ಹೋಗಿ ಮಧ್ಯಾಹ್ನಕ್ಕೆ ಕೋಳಿ ಸಾರು ಮಾಡಲು ಹೇಳಿ ಬಂದರು.

ಊಟ ಮುಗಿಯುವುದರೊಳಗೆ ರೆಸಿನ್ ಬಳಿದ ಮ್ಯಾಟು ಬಿಸಿಲಿಗೆ ಕಲ್ಲಿನಂಥ ಚಿಪ್ಪಾಗಿತ್ತು. ಇಬ್ಬರೂ ಹಿಡಿದೆಳೆದಾಗ ಡಿಕ್ಕಿಯ ಮೂಲೆಯ ಪಡಿಯಚ್ಚು ಟಪ್ಪೆಂದು ಬಿಟ್ಟುಬಂತು. ಮುಂಭಾಗಕ್ಕೆ ಸ್ಪೀಕರ್ ಕೂರುವ ಮರದ ರಿಂಗು ನಿಲ್ಲಿಸಿ, ಅದರ ಮೇಲೆ ಅವಳ ಹಳೇ ಟೀ ಶರ್ಟು ಬಿಗಿಯಾಗಿ ಎಳೆದು, ಮತ್ತೆ ರೆಸಿನ್ ಬಳಿದರು. ಅದು ಗಟ್ಟಿಯಾದ ಮೇಲೆ ಉಜ್ಜಿದರು. ಕುಮಾರನ ಕುತ್ತಿಗೆಯೆಲ್ಲ ಫೈಬರ್ ಪುಡಿಯ ನವೆ. ತುರಿಸಿಕೊಳ್ಳುತ್ತಲೇ ಅವನು ನಗುತ್ತಿದ್ದ. ಅವಳೂ ತುರಿಸಿಕೊಳ್ಳುತ್ತ ನಗುತ್ತಿದ್ದಳು.

ಸಂಜೆ ಸ್ಪೀಕರ್ ಕೂತಿತು, ತಂತಿ ಸೇರಿತು. ಅವಳೇ ಹಾಡು ಹಾಕಿದಳು.

ದುಂ.

ಜಗಲಿಯ ಲೋಟಗಳು ಕುಣಿದವು. ಕಿಟಕಿ ಗಾಜು ನಡುಗಿತು. ಗಂಗಾಧರಪ್ಪ ಎದೆ ಮುಟ್ಟಿ ನೋಡಿಕೊಂಡರು, ಆಮೇಲೆ ಪಂಚೆ ಎತ್ತಿ ಕಟ್ಟಿ ಎರಡು ಹೆಜ್ಜೆ ಹಾಕಿಯೇಬಿಟ್ಟರು. ಪಾಸಾದೆ ಅಂದುಕೊಂಡ ಕುಮಾರ. ಹೇಳುವ ಮಾತನ್ನು ಈಗಲೇ ಹೇಳಿಬಿಡಬೇಕೆಂದು ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಗೇಟಿನಲ್ಲಿ ಬೈಕು ನಿಂತಿತು. ಹೆಗಲಿಗೆ ಡ್ರಿಲ್ ಚೀಲ ತೂಗುಹಾಕಿಕೊಂಡ ಒಬ್ಬ ಇಳಿದ. ಹೆಸರು ವಸಂತ್, ಸೌಂಡ್ ಅಂಗಡಿಯವರು ಬೆಳಿಗ್ಗೆಯೇ ಕಳಿಸಿದ್ದರು, ದಾರಿಯಲ್ಲಿ ಬೈಕು ಕೆಟ್ಟು ತಡವಾಯಿತು, ಡಿಕ್ಕಿಗೆ ಬಾಕ್ಸ್ ಮಾಡಬೇಕಾದ ಕಾರು ಇದೇ ತಾನೇ ಎಂದ.

ಹಾಡು ನಿಂತಿತು.

ಗಂಗಾಧರಪ್ಪ ವಸಂತನನ್ನು ನೋಡಿದರು, ಡಿಕ್ಕಿಯನ್ನು ನೋಡಿದರು, ತಮ್ಮ ಅಂಗಿ ತೊಟ್ಟು ನಿಂತವನನ್ನು ನೋಡಿದರು. “ಅಂಗಾದ್ರೆ ನೀವ್ಯಾರು?”

“ಪದ್ಮಶ್ರೀನ ನೋಡಕ್ಕೆ ಬಂದವ್ನು ಸಾರ್,” ಎಂದ ಕುಮಾರ. “ಜವರಯ್ಯನ ಕಡೆ ಹುಡುಗ.”

“ಪದ್ಮಶ್ರೀ ಅಂದ್ರೆ, ಡೈರಿ ಹಿಂದ್ಲ ಇನ್ನೊಬ್ಬ ಗಂಗಾಧರಪ್ಪನ ಮಗಳು ಕಣ್ರೀ. ಹುಡುಗ ಬತ್ತಾನೆ ಅಂತ ಬೆಳಗ್ಗಿಂದ ಆವಯ್ಯ ಗೇಟಲ್ಲೇ ನಿಂತವ್ನೆ. ಇವಳು ರಮ್ಯಶ್ರೀ.”

ರಮ್ಯಶ್ರೀ ಕುಮಾರನ ಮುಖದಿಂದ ಕಣ್ಣು ತೆಗೆಯದೆಯೇ ಹೇಳಿದಳು: “ಅವರ್ಗೊಂದು ಫೋನ್ ಮಾಡಪ್ಪ, ಹುಡುಗ ಹೆಣ್ಣು ನೋಡಿದ್ದಾಯ್ತಂತೆ ಅಂತ ಯೋಳ್ಬುಡು.”